ಹುಕುಮ್ ಛಂತ್ಯಾಲನ ಪೋಖರಾದ ಹತ್ತು ವರ್ಷ

ಹುಕುಮ್ ಛಂತ್ಯಾಲ್ ಪೋಖರಾದ ಹೋಟೆಲೊಂದರಲ್ಲಿ ಅಡುಗೆಯವನಾಗಿ ಕಳೆದ ಹತ್ತು ವರ್ಷಗಳು ಬಾಗ್ಲುಂಗ್ ಬಜಾರಿನ ಮಹಡಿ ಕೋಣೆಯಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ತಯಾರಾದವು. ತಯಾರಿಸಿದವನು ವೀಸಾ ದಲ್ಲಾಳಿ ತಾರಾನಾಥ. ಪರಿಣತ ಕೆಲಸಗಾರರ ವೀಸಾದಲ್ಲಿ ಅಡುಗೆಯವನೊಬ್ಬ ಜಪಾನಿಗೆ ಬರಬೇಕಾದರೆ ಅವನು ಹತ್ತು ವರ್ಷ ಒಲೆಯ ಮುಂದೆ ಬೆಂದವನಾಗಿರಬೇಕು ಎನ್ನುವುದು ಅಲ್ಲಿಯ ನಿಯಮ. ಅಷ್ಟು ಬೆಂದವರನ್ನು ಎಲ್ಲಿಂದ ತರೋಣ? ಹಾಗಾಗಿ ನೇಪಾಳದ ನಮ್ಮ ಕಡೆ ಹತ್ತು ವರ್ಷ ಎನ್ನುವುದು ಅಂಗಡಿಯಲ್ಲಿ ಸಿಗುವ ಸಾಮಾನಾಗಿಬಿಟ್ಟಿತ್ತು. ಸರೋವರದ ದಂಡೆಯಲ್ಲಿ ಎಂದೋ ಬಾಗಿಲು ಮುಚ್ಚಿದ್ದ ಹೋಟೆಲಿನ ಹೆಸರಲ್ಲಿ ಹುಕುಮನಿಗೂ ಒಂದು ಹತ್ತು ವರ್ಷ ಸಿಕ್ಕಿತು.

ನಿಜವಾದ ಆ ಹತ್ತು ವರ್ಷಗಳಲ್ಲಿ ಅವನು ಗಲ್ಕೋಟಿನ ಮನೆ ಬಿಟ್ಟು ಕದಲಿದವನೇ ಅಲ್ಲ. ಹೆಂಡತಿ ಮನ್‌ಸರಾ ಕುವೈತಿನಲ್ಲಿ ಯಾರದೋ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು, ಇಲ್ಲಿ ಅವಳ ಮಗಳು ಜುನುವನ್ನು ಇವನು ನೋಡಿಕೊಳ್ಳುತ್ತಿದ್ದ. ಅನ್ನ ಕಲಸಿ ಬಾಯಿಗಿಟ್ಟಿದ್ದು, ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದ್ದು, ಬೆನ್ನ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊಳೆ ದಾಟಿಸಿ ಶಾಲೆಗೆ ಬಿಟ್ಟಿದ್ದು ಎಲ್ಲ ಅವನೇ. ದಿನಾ ಬೆಳಗ್ಗೆ ಅಂಗಳದಲ್ಲಿ ಕೂತು ಅವಳ ತಲೆ ಬಾಚಿ ಎರಡು ಜಡೆ ಹೆಣೆಯುತ್ತಿದ್ದ.

"ಏನಪ್ಪಾ ಹುಕುಮ್, ನಮ್ಮನೇಲೂ ಮೂರು ತಲೆ ಇವೆ, ಬಾಚೋಕೆ ಯಾವಾಗ ಬರ್ತೀಯ?" ಎಂದು ದಾರಿಯಲ್ಲಿ ಹೋಗುವ ಗಂಡಸರು ಕಿಚಾಯಿಸುತ್ತಿದ್ದರು.

"ನಿಮ್ಮ ಮಕ್ಕಳ ತಲೇಲಿ ಹೇನು, ನಾನು ಬರಲ್ಲ ಹೋಗ್ರೋ" ಎಂದು ಅವನೂ ಬಿಡುತ್ತಿರಲಿಲ್ಲ. ಬದುಕಿನಲ್ಲಿ ಅವನು ಅಚ್ಚುಕಟ್ಟಾಗಿ ಮಾಡಿದ ಕೆಲಸ ಅದೊಂದೇ. ಆ ಹತ್ತು ವರ್ಷವನ್ನೇ ಕೊಟ್ಟು ಈ ಕಾಗದದ ಹತ್ತು ವರ್ಷವನ್ನು ತಂದನಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

"ಜಪಾನಿನವರು ಫೋನ್ ಮಾಡಿ ವಿಚಾರಿಸ್ತಾರೆ ದಾಯಿ" ಎಂದು ಅಣ್ಣನಿಗೆ ಹೇಳುವಂತೆ ಹೇಳಿದ್ದ ತಾರಾನಾಥ. "ಹೋಟೆಲಿನ ನಂಬರಿಗೆ ಬಂದಿದ್ದನ್ನ ನಾನು ನೋಡ್ಕೋತೀನಿ. ಮನೆಗೆ ಬಂದ್ರೆ ನಿಮ್ಮ ಮಗಳು ಬಾಯಿ ತಪ್ಪಬಾರದು. ನಮ್ಮ ಅಪ್ಪ, ನಮ್ಮ ಬುವಾ ಪೋಖರಾದಲ್ಲಿ ಇರ್ತಾರೆ, ದಶೈಂ ಹಬ್ಬಕ್ಕೆ ಮಾತ್ರ ಬರ್ತಾರೆ ಅನ್ನಬೇಕು."

"ಹಾಗಾದ್ರೆ ಅವಳನ್ನ ಸಾಕಿದ್ದು ಯಾರು ಅಂತ ಕೇಳಿದ್ರೆ?"

"ನಿಮಗೆ ಅಕ್ಕತಂಗಿ ಯಾರೂ ಇಲ್ವಾ?"

"ಒಬ್ಬಳು ಅಕ್ಕ ಇದ್ಲು. ಜುನು ಹುಟ್ಟೋಕೂ ಮುಂಚೆನೇ ತೀರ್ಕೊಂಡ್ಲು."

"ಸತ್ತವರು ಇಲ್ಲ ಅಂತ ಜಗಳಕ್ಕೆ ಬರಲ್ಲ. ಸೋದರತ್ತೆ ಸಾಕಿದ್ರು, ಫುಪು ಸಾಕಿದ್ರು ಅನ್ನಲಿ ಬಿಡಿ."

ಮರುದಿನ ಬೆಳಗ್ಗೆ ಅದೇ ಅಂಗಳದಲ್ಲಿ ಜಡೆ ಹಾಕುತ್ತಲೇ ಹುಕುಮ್ ಮಗಳಿಗೆ ಪಾಠ ಒಪ್ಪಿಸಲು ಕಲಿಸಿದ. ಜುನು ಮೊದಲು ನಕ್ಕಳು. "ನೀನು ಇಲ್ಲೇ ಇದ್ದೀಯಲ್ಲ ಬುವಾ!" ಎಂದಳು. ಅವನು ಬಾಚಣಿಗೆಯನ್ನು ಸ್ವಲ್ಪ ಗಟ್ಟಿಯಾಗಿ ಎಳೆದ. ಮತ್ತೆ ತಪ್ಪಿದಳು, ಮತ್ತೆ ಎಳೆದ. ಮಗುವಿನ ಕಣ್ಣಲ್ಲಿ ನೀರು ಬಂತು. ಆಮೇಲೆ ಅವಳು ತಪ್ಪಲಿಲ್ಲ. ಜಪಾನಿನ ಫೋನ್ ಬಂದಾಗ, ಬುವಾ ದಶೈಂಗೆ ತರುವ ಬಣ್ಣದ ಚಪ್ಪಲಿಯ ಸಂಗತಿಯನ್ನೂ ಅವಳೇ ಸೇರಿಸಿ ಹೇಳಿದಳಂತೆ. ಎಂಥಾ ಚುರುಕು ಹುಡುಗಿ ಎಂದು ಹುಕುಮ್ ಹಿಗ್ಗಿಹೋದ. ಅಷ್ಟರಲ್ಲಿ ಮನ್‌ಸರಾ ಕುವೈತಿನಿಂದ ಬಂದಳು, ಇವನು ಹೊರಟ.

ಜಪಾನಿನ ಇಸೆಸಾಕಿಯ ಕಾರ್ಖಾನೆ ರಸ್ತೆಯಲ್ಲಿ ಅವನು ಕೆಲಸಕ್ಕೆ ಸೇರಿದ ರೆಸ್ಟೋರೆಂಟಿನ ಮಾಲೀಕ ಕುಲಾನಂದ ಕುಂವರ್ ನಮ್ಮ ಜಿಲ್ಲೆಯವನೇ. ಅವನೂ ಅಡುಗೆಯವನಾಗಿ ಬಂದು, ಬಂಡವಾಳ ಕೂಡಿಸಿ, ವ್ಯಾಪಾರಸ್ಥರ ವೀಸಾಕ್ಕೆ ಏರಿದವನು. ಹುಕುಮನನ್ನು ನೋಡಿದೊಡನೆ ಅವನು ಕೇಳಿದ್ದು ಒಂದೇ ಮಾತು.

"ನಿಜ ಹೇಳು ಭಾಯಿ. ತಂದೂರ್ ಒಲೆ ಯಾವತ್ತಾದ್ರೂ ಕಣ್ಣಲ್ಲಿ ನೋಡಿದ್ದೀಯಾ?"

"ಇಲ್ಲ ದಾಯಿ. ಢಿಂಡೋ ಮುದ್ದೆ ತಿರುವೋದು ಗೊತ್ತು, ಸೊಪ್ಪು ಬೇಯಿಸೋದು ಗೊತ್ತು."

"ಎಲ್ಲಾ ನನ್ನಂಥವರೇ ಬಂದು ಸೇರ್ತೀರಿ" ಎಂದು ಕುಲಾನಂದ ಹಣೆ ಚಚ್ಚಿಕೊಂಡ. "ಹಿಟ್ಟು ತಗೋ. ಸುಟ್ಕೊಂಡೇ ಕಲಿಯಬೇಕು."

ಹುಕುಮ್ ಹಿಟ್ಟಿನ ಉಂಡೆಯನ್ನು ಕೈಗೆ ತೆಗೆದುಕೊಂಡ. ಕೈಗಳು ಅವನನ್ನು ಕೇಳಲಿಲ್ಲ. ತಟ್ಟಿ, ತೂರಿ, ಎಳೆದು, ಉರಿಯುವ ಗೋಡೆಗೆ ನಾನ್ ಅಂಟಿಸಿ ಕೈಯನ್ನು ಹೊರಕ್ಕೆ ತಂದವು. ಒಂದು ಕೂದಲೂ ಸುಡಲಿಲ್ಲ. ಕುಲಾನಂದ ಬಿಟ್ಟ ಬಾಯಿ ಬಿಟ್ಟುಕೊಂಡೇ ನಿಂತ.

"ಕಳ್ಳ! ಗೊತ್ತಿಲ್ಲ ಅಂತೀಯಲ್ಲೋ!"

ಹುಕುಮನಿಗೆ ಖುಷಿಯಾಯಿತು, ಹೆದರಿಕೆಯಾಗಲಿಲ್ಲ. ಹೆದರಿಕೆ ಶುರುವಾಗಿದ್ದು ಆ ದಿನ ಸ್ನಾನ ಮಾಡುವಾಗ. ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಗಾಯದ ಕಲೆಗಳಿದ್ದವು. ಹೊಸವಲ್ಲ. ಒಂದರ ಮೇಲೊಂದು ಬಿದ್ದು, ಮಾಸಿ, ಚರ್ಮದ ಬಣ್ಣಕ್ಕೇ ತಿರುಗಿದ್ದ ಹಳೆಯ ಕಲೆಗಳು. ಒಲೆಯ ಮುಂದೆ ವರ್ಷಾನುಗಟ್ಟಲೆ ನಿಂತವರ ಕೈಯಲ್ಲಿ ಮಾತ್ರ ಅಂಥವು ಇರುತ್ತವೆ. ಸೋಪು ಹಚ್ಚಿ ತಿಕ್ಕಿದ, ಹೋಗಲಿಲ್ಲ.

ಮನುಷ್ಯ ಯಾವುದಕ್ಕೂ ಒಗ್ಗಿಕೊಳ್ಳುತ್ತಾನೆ. ಇವನೂ ಒಗ್ಗಿಕೊಂಡ. ಆದರೆ ಅಕಾಗಿ ಬೆಟ್ಟದಿಂದ ಒಣಗಾಳಿ ಬೀಸುವ ಚಳಿಗಾಲದ ಒಂದು ಮಧ್ಯಾಹ್ನ ಮೊರಿಯಾ ಎಂಬ ಮುದುಕ ಊಟಕ್ಕೆ ಬಂದ. ಒಂದು ಕಾಲದಲ್ಲಿ ನಮ್ಮ ಬೆಟ್ಟಗಳನ್ನು ಹತ್ತಿದವನು. ಹರಿದ ನಾನ್ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯ ಕಿಟಕಿಯ ಮುಂದೆ ಬಂದು ನಿಂತು ಹುಕುಮನ ಮುಖವನ್ನೇ ನೋಡತೊಡಗಿದ.

"ನೀವು ಪೋಖರಾದಲ್ಲಿದ್ರಿ, ಅಲ್ವಾ? ಸರೋವರದ ಹತ್ತಿರದ ಹೋಟೆಲಲ್ಲಿ?"

ಬಾಯಿಪಾಠ ಮಾಡಿದ ಉತ್ತರ ತಾನಾಗಿ ಹೊರಗೆ ಬಂತು. "ಹೌದು. ಹತ್ತು ವರ್ಷ."

"ನನಗೆ ಹೊಟ್ಟೆ ಕೆಟ್ಟು ಮಲಗಿದ್ದಾಗ ಮೆತ್ತನೆ ಅನ್ನ ಬೇಯಿಸಿ ಕೊಟ್ಟವರು ನೀವೇ. ಮರೆತೇ ಇಲ್ಲ." ಮುದುಕ ಬಗ್ಗಿ ನಮಸ್ಕರಿಸಿದ. "ಪಕ್ಕದಲ್ಲಿ ಕೂತು ಅತ್ತಿದ್ರಿ. ನನಗೊಬ್ಬಳು ಮಗಳಿದ್ದಾಳೆ, ನಾನಿಲ್ಲದೇ ಬೆಳೀತಿದ್ದಾಳೆ ಅಂತ."

ಹುಕುಮ್ ಇಕ್ಕಳ ಕೆಳಗಿಟ್ಟ. ಅವನು ಹೆಂಡತಿಗೆ ಫೋನ್ ಮಾಡಿದ.

"ಮನ್‌ಸರಾ, ನೀನು ಕುವೈತಲ್ಲಿದ್ದಾಗ ಶುಕ್ರವಾರ ಶುಕ್ರವಾರ ಫೋನ್ ಮಾಡ್ತಿದ್ಯಲ್ಲ, ಎತ್ತುತಾ ಇದ್ದಿದ್ದು ಯಾರು?"

"ಇನ್ಯಾರು, ನಿಮ್ಮಕ್ಕ. ನೀವು ಊರಲ್ಲಿ ಇದ್ರೆ ತಾನೆ ಎತ್ತೋದು! ಪೋಖರಾಕ್ಕೆ ಮಾಡಿದ್ರೆ ಕೈ ಬಿಡುವಿಲ್ಲ ಅಂತ ಇಟ್ಟುಬಿಡ್ತಿದ್ರಿ."

ಹುಕುಮ್ ನಿಟ್ಟುಸಿರು ಬಿಟ್ಟ. ಭಲೇ ಹೆಂಗಸು, ಯಾರಾದರೂ ಕದ್ದು ಕೇಳಿಸಿಕೊಳ್ಳುತ್ತಿದ್ದಾರೆಂದು ಹುಷಾರಾಗಿದ್ದಾಳೆ ಎಂದುಕೊಂಡ. ಅವಳನ್ನು ಮೆಚ್ಚಿಕೊಂಡ ಕೂಡ. ಪಾಪ, ಅವನಿಗೆ ಆಗ ಹಾಗೆ ಅಂದುಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಕುಟುಂಬದ ವೀಸಾದಲ್ಲಿ ತಾಯಿ ಮಗಳು ಇಸೆಸಾಕಿಗೆ ಬಂದಾಗ ಜುನು ಅವನ ಭುಜಕ್ಕೆ ಬಂದಿದ್ದಳು. ವಿಮಾನ ನಿಲ್ದಾಣದಲ್ಲಿ ಅವಳು ಓಡಿಬಂದು ಅಪ್ಪಿಕೊಳ್ಳುತ್ತಾಳೆಂದು ಕಾದ. ಅವಳು ಕೈ ಜೋಡಿಸಿ, "ಚೆನ್ನಾಗಿದ್ದೀರಾ ಬುವಾ?" ಎಂದಳು. ನೀನು ಎನ್ನುತ್ತಿದ್ದ ಮಗಳು ನೀವು ಎಂದಳು. ಮನೆಗೆ ಬಂದ ಮೇಲೂ ಅಷ್ಟೇ. ಅವನು ಒಳಗೆ ಬಂದರೆ ಎದ್ದು ನಿಲ್ಲುವಳು, ತಟ್ಟೆ ಅವನ ಮುಂದೆ ಮೊದಲು ಇಡುವಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವಳು. ಹಬ್ಬಕ್ಕೆ ಬಂದ ನೆಂಟರ ಜೊತೆ ಮಕ್ಕಳು ಇರುವಂತೆ ಇರುತ್ತಿದ್ದಳು.

ಒಂದು ರಜಾದಿನ ಅವನಿಗೆ ತಡೆಯಲಾಗಲಿಲ್ಲ. ಅವಳು ಕೂದಲು ಬಿಚ್ಚಿಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಬಾಚಣಿಗೆ ತೆಗೆದುಕೊಂಡು ಹಿಂದೆ ಹೋಗಿ ಕೂತ. ಜುನು ಸರಕ್ಕನೆ ತಿರುಗಿ ಗೋಡೆಗೆ ಒರಗಿದಳು.

"ನಾನೇ ಬಾಚ್ಕೋತೀನಿ ಬುವಾ. ನಿಮಗೆ ಇವೆಲ್ಲ ಎಲ್ಲಿ ಬರುತ್ತೆ?"

"ದಿನಾ ಜಡೆ ಹಾಕ್ತಿದ್ದಿದ್ದು ನಾನಲ್ವೇನಮ್ಮಾ? ಬುಟ್ಟೀಲಿ ಹೊತ್ಕೊಂಡು ಹೊಳೆ ದಾಟಿಸ್ತಿದ್ದೆ. ನೀನು ನೀರು ನೋಡಿ ನನ್ನ ಕಿವಿ ಹಿಡ್ಕೋತಿದ್ದೆ."

"ಅದು ಫುಪು" ಎಂದಳು ಜುನು, ತುಂಬ ಮೃದುವಾಗಿ. "ನೀವು ಪೋಖರಾದಲ್ಲಿದ್ರಿ. ದಶೈಂಗೆ ಬರ್ತಿದ್ರಿ. ಬಣ್ಣದ ಚಪ್ಪಲಿ ತರ್ತಿದ್ರಿ. ನಾನೆಲ್ಲಾ ಮರೆತಿಲ್ಲ ಬುವಾ."

"ನಿನ್ನ ಫುಪು ನೀನು ಹುಟ್ಟೋಕೆ ಮುಂಚೆ ಸತ್ತಳು ಜುನು!"

ಒಲೆಯ ಹತ್ತಿರವಿದ್ದ ಮನ್‌ಸರಾ ಗಾಬರಿಯಾಗಿ ಬಂದಳು. "ಬಿಡ್ತು ಅನ್ನಿ! ಇದೆಂಥ ಕೆಟ್ಟ ಮಾತು? ನಾವು ಹೊರಡೋ ದಿನ ಬಸ್ಸಿನವರೆಗೂ ಬಂದು ಮಗುವಿನ ಹಣೆಗೆ ಟೀಕಾ ಇಟ್ಟು ಕಳಿಸಿದ್ದಾರೆ. ಬದುಕಿರೋ ಅಕ್ಕನ್ನ ಹೀಗಂತಾರಾ?"

ಇಬ್ಬರ ಮುಖದಲ್ಲೂ ಸುಳ್ಳಿನ ಸುಳಿವಿರಲಿಲ್ಲ. ಅವರ ಕಣ್ಣಲ್ಲಿದ್ದದ್ದು ಕನಿಕರ. ಅವನ ಹತ್ತು ವರ್ಷಕ್ಕೆ ಮನೆಯೊಳಗೆ ಇದ್ದ ಒಬ್ಬಳೇ ಸಾಕ್ಷಿ ಜುನು. ಅವಳಿಗೇ ಅದು ಇಲ್ಲವೆಂದಾದರೆ, ಅದು ಇನ್ನೆಲ್ಲಿ ಉಳಿಯಬೇಕು?

ವೀಸಾ ನವೀಕರಣದ ಸಮಯ ಬಂದಾಗ ಅವನು ಕುಲಾನಂದನ ಮುಂದೆ ನಿಂತು, "ದಾಯಿ, ನಾನು ಕಚೇರಿಗೆ ಹೋಗಿ ನಿಜ ಹೇಳ್ಬಿಡ್ತೀನಿ. ಪೋಖರಾ ಸುಳ್ಳು, ಮಗಳ ಜೊತೆ ಮನೇಲಿದ್ದೆ ಅಂತ" ಎಂದ.

"ತಲೆ ಕೆಟ್ಟಿದೆಯಾ? ಮೂರೂ ಜನ ವಾಪಸ್ಸು ಹೋಗ್ತೀರಿ."

"ಹೋದ್ರೆ ಹೋಗಲಿ. ಅವರು ಸುಳ್ಳು ಅಂತ ಬರೆದುಕೊಂಡ್ರೆ ಜುನುಗೆ ನೆನಪಾಗಬಹುದು."

ಕುಲಾನಂದ ಅವನನ್ನು ವಿಚಿತ್ರವಾಗಿ ನೋಡಿದ. "ಏನು ಸುಳ್ಳು ಭಾಯಿ? ಆ ಹೋಟೆಲಲ್ಲಿ ನೀನು ಕೆಲಸ ಮಾಡ್ತಿದ್ದಾಗ ನಾನೇ ಬಂದು ಊಟ ಮಾಡಿದ್ದೀನಲ್ಲ. ಬೇಕಾದ್ರೆ ಫೋನ್ ಮಾಡಿ ಕೇಳು."

ಮಧ್ಯಾಹ್ನದ ಊಟದ ಹೊತ್ತು ಮುಗಿದು ಗಿರಾಕಿಗಳು ಹೋದ ಮೇಲೆ ಹುಕುಮ್ ಅಡುಗೆಮನೆಯಲ್ಲಿ ನಿಂತು ಆ ಹೋಟೆಲಿನ ನಂಬರು ಒತ್ತಿದ. ಅದು ತಾರಾನಾಥನ ಜೇಬಿನ ಮೊಬೈಲು ಎಂದು ಅವನಿಗೆ ಗೊತ್ತಿತ್ತು. ತಾರಾನಾಥ ಎತ್ತಲಿ, ನಾಲ್ಕು ಬೈದು, ಎಲ್ಲ ತಾನೇ ಹೊಸೆದದ್ದು ಎಂದು ಅವನ ಬಾಯಿಂದಲೇ ಹೇಳಿಸಿ ಮಗಳಿಗೆ ಕೇಳಿಸಬೇಕು ಎಂದುಕೊಂಡಿದ್ದ. ಆ ಕಡೆ ಪಾತ್ರೆಗಳ ಸದ್ದು, ಎಣ್ಣೆಯ ಚುರುಗುಟ್ಟುವಿಕೆ, ಯಾರೋ ಗಿರಾಕಿಯ ಆರ್ಡರ್ ಕೂಗಿ ಹೇಳುತ್ತಿದ್ದದ್ದು ಕೇಳಿಸಿತು.

"ಹುಕುಮ್ ಛಂತ್ಯಾಲ್..." ಎಂದು ಇವನು ತನ್ನ ಹೆಸರು ಹೇಳತೊಡಗಿದ.

"ಒಲೆ ಹತ್ರ ಇದ್ದಾರೆ, ಕರೀತೀನಿ ತಾಳಿ. ಹುಕುಮ್ ದಾಯೀ! ಫೋನು!"

ಹೆಜ್ಜೆಯ ಸದ್ದು ಹತ್ತಿರ ಬಂತು. ಕೈ ಒರೆಸಿಕೊಂಡು ಫೋನ್ ಎತ್ತಿದವನ ದನಿ ಹುಕುಮನದೇ. ಇನ್ನೂ ಎಳೆಯದು, ದಣಿದದ್ದು.

"ಯಾರು?"

"ನಾನು... ಗಲ್ಕೋಟಿನವನು."

"ಊರಿನವರಾ!" ಆ ದನಿ ಒಮ್ಮೆಲೇ ಅರಳಿತು. "ನಮ್ಮ ಜುನು ಹೇಗಿದ್ದಾಳೆ, ನೋಡಿದ್ರಾ? ಹಬ್ಬಕ್ಕೆ ಹೋದ್ರೆ ಬಾಗಿಲ ಹಿಂದೆ ಅವಿತ್ಕೋತಾಳೆ ದಾಯಿ. ಜೊತೇಲಿದ್ದು ಬೆಳೆಸೋ ಪುಣ್ಯ ನನಗಿಲ್ಲ. ನಾನೊಬ್ಬ ಅಪ್ಪ ಇದ್ದೆ ಅನ್ನೋದನ್ನೇ ಮರೆತುಬಿಡ್ತಾಳೇನೋ ಅಂತ ನಿದ್ದೆ ಬರಲ್ಲ."

ಕಿಟಕಿಯ ಆಚೆ ಜುನು ಮೇಜುಗಳ ಮೇಲೆ ಚಮಚಗಳನ್ನು ಜೋಡಿಸುತ್ತಿದ್ದಳು. ಹುಕುಮ್ ಅವಳನ್ನು ಕಣ್ತುಂಬ ನೋಡಿದ. ಅವಳ ಜ್ವರ, ಅವಳ ಜಡೆ, ಹೊಳೆಯ ನಡುವೆ ತನ್ನ ಕಿವಿ ಹಿಡಿದ ಪುಟ್ಟ ಕೈ, ಒಂದನ್ನೂ ಈ ಫೋನಿನಲ್ಲಿ ಹೇಳಲಿಲ್ಲ.

"ಮರೆತಿಲ್ಲ" ಎಂದ. "ಅಪ್ಪ ಅಂತ ಅವಳಿಗೆ ನೆನಪಿರೋದು ನೀವೊಬ್ಬರೇ."