ಅಕ್ಕನ ತಲೆಯ ಜಡೆ

ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ಪಂಡಿತರು ಹೇಗೆ ಬಗೆಹರಿಸುತ್ತಾರೋ ನನಗೆ ಗೊತ್ತಿಲ್ಲ. ತಿಕೋಟಾದ ನಮ್ಮ ಮನೆಯಲ್ಲಿ ಅದು ಅಕ್ಕನ ತಲೆಗೂದಲಿಗೆ ಬಂದು ನಿಂತಿತ್ತು.

ಅಪ್ಪ ವಿಜಾಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದವನೇ ಜಗುಲಿಯ ಮೇಲಿನ ದೇವರುಗಳನ್ನೆಲ್ಲ ಬುಟ್ಟಿಗೆ ತುಂಬಿ ಡೋಣಿ ಹೊಳೆಗೆ ಬಿಟ್ಟಿದ್ದ. ಅವ್ವ ಖಾಲಿ ಜಗುಲಿಯನ್ನು ದಿನಾ ಸಾರಿಸುವುದನ್ನು ಮಾತ್ರ ಬಿಡಲಿಲ್ಲ.

ಮರುವರ್ಷ ಅಕ್ಕ ಜ್ವರ ಬಂದು ವಾರಗಟ್ಟಲೆ ಮಲಗಿದಳು. ಎಣ್ಣೆಯಿಲ್ಲ, ಬಾಚಣಿಗೆಯಿಲ್ಲ, ಜ್ವರ ಬಿಡುವಷ್ಟರಲ್ಲಿ ಕೂದಲು ಗಂಟುಗಟ್ಟಿ ಜಡೆಯಾಗಿತ್ತು. ಅದು ಎಲ್ಲಮ್ಮನ ಕರೆ ಎಂದು ಓಣಿಯವರು ಕೈಮುಗಿದರು. ಸಾಲದ್ದಕ್ಕೆ, ಮಗಳು ಉಳಿದರೆ ನಿನಗೇ ಬಿಡುತ್ತೇನೆಂದು ಅವ್ವ ಹರಕೆ ಬೇರೆ ಹೊತ್ತಿದ್ದಳು. ಹಾಗೆ ದೇವಿಗೆ ಬಿಟ್ಟ ಹುಡುಗಿಗೆ ಮದುವೆಯಿಲ್ಲ. ಆಮೇಲೆ ಅವಳು ಊರ ಗಂಡಸರ ಪಾಲು. ಅಕ್ಕ ಆಗಿನ್ನೂ ಶಾಲೆಯಲ್ಲಿ ಐದನೇ ಇಯತ್ತೆ.

ಅಪ್ಪ ಕತ್ತರಿ ತಂದ. "ದೇವ್ರ ಇಲ್ಲ ಅಂತ ಎಷ್ಟ ಸಲ ಹೇಳಬೇಕ ನಿನಗ?"

"ಹಾಂಗಾರ ಇಕಿನ್ನ ಉಳಿಸಿದವ್ರ ಯಾರು? ನಾ ಮಾತ ಕೊಟ್ಟಿದ್ದ ಯಾರಿಗೆ, ಹೇಳ್ರಿ," ಅಂದಳು ಅವ್ವ.

ದವಾಖಾನೆಯ ಗುಳಿಗೆ ಉಳಿಸಿತೆಂದು ಅಪ್ಪ ಹೇಳಿದ. ಆದರೆ ಜಡೆ ಕತ್ತರಿಸಿದವರು ರಕ್ತ ಕಾರುತ್ತಾರೆಂದು ಅವನೂ ಚಿಕ್ಕಂದಿನಿಂದ ಕೇಳಿದವನೇ. ಕತ್ತರಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟ. ಹೊಳೆಗೆ ದೇವರನ್ನು ಬಿಟ್ಟು ಬಂದವನು ಹೀಗೆ ನಿಂತದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು.

ಅವ್ವ ಎದ್ದು ಬಂದಳು.

"ಕೊಡ್ರಿ ಇಲ್ಲೆ. ಹರಕಿ ಹೊತ್ತಾಕಿ ನಾನು. ಕೇಳೂದಿದ್ರ ಎಲ್ಲಮ್ಮ ತಾಯಿ ನನ್ನ ಕೇಳ್ಲಿ."

ಕಚಕಚನೆ ಕತ್ತರಿಸಿಯೇ ಬಿಟ್ಟಳು. ಜಡೆಯನ್ನು ಅರಿವೆಯಲ್ಲಿ ಕಟ್ಟಿ ಖಾಲಿ ಜಗುಲಿಯ ಮೇಲಿಟ್ಟು ಅಡ್ಡಬಿದ್ದಳು. ಅಪ್ಪ ಅದನ್ನು ಬೇಡವೆನ್ನಲಿಲ್ಲ.

ಅಲ್ಲಿಂದ ಮುಂದೆ ಅವ್ವ ಕಾದದ್ದೇ ಕಾದದ್ದು. ಹಾಲು ಒಡೆದರೆ, ಮಾಳಿಗೆ ಸೋರಿದರೆ, ನನಗೊಂದು ಕೆಮ್ಮು ಬಂದರೆ, ಯಾರೋ ಬಂದರೆಂಬಂತೆ ಬಾಗಿಲ ಕಡೆ ನೋಡುವಳು. ಅಕ್ಕ ಮಾತ್ರ ಏನೂ ಆಗದಂತೆ ಓದಿದಳು, ಬಬಲೇಶ್ವರದಲ್ಲಿ ಶಾಲೆಯ ಶಿಕ್ಷಕಿಯಾದಳು.

ಒಂದು ಭಾನುವಾರ ಬಸ್ಸಿಳಿದು ಮನೆಗೆ ಬಂದ ಅಕ್ಕನನ್ನು ಮುಂದೆ ಕೂರಿಸಿಕೊಂಡು ಅವ್ವ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ನಾನು ಕೆಣಕಿದೆ: "ಯವ್ವಾ, ಈಗರ ಹೇಳ. ದೇವಿ ಅದಾಳೋ ಇಲ್ಲೋ?"

ಅವ್ವ ಬಾಚುವುದನ್ನು ನಿಲ್ಲಿಸಲಿಲ್ಲ.

"ಇದ್ರ ಭಾಳ ಒಳ್ಳೇಕಿ ಅದಾಳ ನೋಡ. ಇನ್ನೂ ಕೇಳಾಕ ಬಂದಿಲ್ಲ."