ಸೋಮಮ್ಮನ ಕರುವಿಗೆ ಜ್ವರ ಬಂದದ್ದು

ಪೂರಿಗಾಲಿಯ ಮರಿಸಿದ್ದಯ್ಯ ದನದ ಡಾಕ್ಟರಿಕೆ ಓದಿ, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ವೈರಸ್ಸಿನ ಸಂಶೋಧನೆಗೆ ಸೇರಿದಾಗ ಅವನಿಗೆ ಇಪ್ಪತ್ತಾರು. ಆರು ವರ್ಷ ಅಲ್ಲಿ ಮಾಡಿದ್ದಿಷ್ಟೆ: ಊರೂರಿನ ದನಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ದೊಡ್ಡರೋಗದ ವೈರಸ್ಸನ್ನು ಮೇಕೆಯಿಂದ ಮೇಕೆಗೆ ದಾಟಿಸಿ ಸಾಧುಮಾಡಿ ಚುಚ್ಚುಮದ್ದಾಗಿಸುವುದು, ಆ ಮೇಕೆಗಳ ಜ್ವರ ಬರೆದಿಡುವುದು. ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ಅವ್ವ ಪುಟ್ಟಮಾದಮ್ಮ, "ಮೇಕೆ ಕಾಯ್ತಾನೆ, ಸರ್ಕಾರದ್ದು," ಎನ್ನುತ್ತಿದ್ದಳು.

1943ರಲ್ಲಿ ಅವನಿಗೆ ಸ್ವಂತದ್ದೊಂದು ಪ್ರಶ್ನೆ ಹುಟ್ಟಿತು. ಮದ್ದು ಹಾಕಿಸಿಕೊಂಡ ಹಸುವಿನ ರೋಗನಿರೋಧಕ ಶಕ್ತಿ ಕರುವಿಗೂ ಬರುತ್ತದೆಯೆ? ಬಂದರೆ ಯಾವ ದಾರಿಯಲ್ಲಿ, ಹೊಟ್ಟೆಯೊಳಗೋ, ಹಾಲಿನಲ್ಲೋ? ದೀಪಾವಳಿ ಕಳೆದದ್ದೇ ಮದ್ದೂರಿನತನಕ ರೈಲು, ಮಳವಳ್ಳಿಗೆ ಇದ್ದಿಲಿನ ಬಸ್ಸು, ಅಲ್ಲಿಂದ ಗಾಡಿ ಹಿಡಿದು ಊರಿಗೆ ಬಂದ. ಹಿಂದಿನ ವರ್ಷ ತಾನೇ ಮದ್ದು ಹಾಕಿದ್ದ ಹಸುಗಳ ಏಳು ಕರುಗಳಿಗೆ ಅದೇ ಮದ್ದಿನ ಸೂಜಿ ಚುಚ್ಚಿದ. ತಾಯಿಯ ರಕ್ಷೆ ಇದ್ದರೆ ಮದ್ದು ಹತ್ತುವುದಿಲ್ಲ, ಜ್ವರವೂ ಬರುವುದಿಲ್ಲ. ಬೆಳಿಗ್ಗೆ ಸಂಜೆ ಕರುಗಳ ಬಾಲ ಎತ್ತಿ ಥರ್ಮಾಮೀಟರ್ ಇಟ್ಟ. ಆರು ಕರು ತಣ್ಣಗಿದ್ದವು. ಏಳನೆಯದು, ಸೋದರತ್ತೆ ಸೋಮಮ್ಮನದು, ನಾಲ್ಕನೆಯ ದಿನ ಕಾದ ಹೆಂಚಾಯಿತು.

"ಅತ್ತೆ, ಈ ಕರ ಉಟ್ದಾಗ ಗಿಣ್ಣಾಲು ಕುಡೀತಾ?"

"ಕುಡೀದೆ ಏನು? ನಾನೇನ್ ರಾಕ್ಸಸಿಯಾ?"

"ದೇವ್ರಾಣೆ?"

ದೇವರ ಹೆಸರು ಬಂದ ಕೂಡಲೇ ಸೋಮಮ್ಮ ಸೆರಗು ಸರಿಮಾಡಿಕೊಂಡಳು. "ನಿಂಗೇ ಗಿಣ್ಣು ಮಾಡ್ಕೊಟ್ನಲ್ಲ ಕಣಪ್ಪ. ಗೌರಿಹಬ್ಬಕ್ಕೆ ಬಂದಿದ್ದಾಗ ಮೂರು ಬಟ್ಲು ತಿಂದೆ. ಏಲಕ್ಕಿ ಜಾಸ್ತಿ ಆಯ್ತು ಅಂತ ಬ್ಯಾರೆ ಅಂದೆ. ಕರುಗೆ ಮಗ್ಗುಲ ಮನೆ ಅಸೀನ ಆಲು ಕುಡಿಸ್ದೆ."

ಆ ಮಗ್ಗುಲ ಮನೆಯ ಹಸು ಮದ್ದನ್ನೇ ಕಂಡಿರಲಿಲ್ಲ. ಮರಿಸಿದ್ದಯ್ಯ ಕೊಟ್ಟಿಗೆಯಲ್ಲೇ ಕುಣಿದುಬಿಟ್ಟ. ತಾಯಿಯ ರಕ್ಷೆ ಇದ್ದದ್ದು ಗಿಣ್ಣುಹಾಲಿನಲ್ಲಿ. ಅದನ್ನು ಅವನೇ ಬೆಲ್ಲದ ಜೊತೆ ತಿಂದಿದ್ದ.

ಆದರೆ ಒಂದು ಕರುವನ್ನು ಯಾವ ಸಾಹೇಬರು ನಂಬುತ್ತಾರೆ? ಮರುವರ್ಷ ಮದ್ದು ಕಂಡ, ಗಬ್ಬದ ಹಸುಗಳಿದ್ದ ಹತ್ತು ಮನೆಯವರನ್ನು ಚಾವಡಿಯಲ್ಲಿ ಸೇರಿಸಿ ಚೀಟಿ ಎತ್ತಿಸಿದ. ಐದು ಮನೆಯವರು ಗಿಣ್ಣುಹಾಲನ್ನೆಲ್ಲ ಕರೆದು ತಾವೇ ತಿನ್ನಬೇಕು. ಐದು ಮನೆಯವರು ಕರುವಿಗೇ ಬಿಡಬೇಕು. ಬಿಡುವ ಚೀಟಿ ಬಂದ ರಾಮಲಿಂಗಯ್ಯ, ಊಟಕ್ಕೆ ಹೆಸರಾದ ಆಳು, ಎದ್ದು ನಿಂತ.

"ಅವ್ರ ಮನೇಗೆ ಗಿಣ್ಣು, ನಮ್ಮನೇಗೆ ಗ್ಯಾನವಾ? ಇದ್ಯಾವ ಸಾಸ್ತ್ರ ಲಾ ಮರಿಸಿದ್ದ?"

"ಸರ್ಕಾರದ ಕೆಲ್ಸ ಕಣಣ್ಣ."

"ಸರ್ಕಾರ್ವೇ ಬಂದು ನನ್ನೆಡ್ತಿ ಕೈಲಿ ಬೈಸ್ಕಳ್ಲಿ."

ಸೋಮಮ್ಮ ರಾಜಿ ಮಾಡಿಸಿದಳು. "ತಿನ್ನೋ ಮನ್ಯೋರು ತಿನ್ದೇ ಇರೋ ಮನ್ಯೋರ್ಗೆ ಒಂದೊಂದು ಬಟ್ಲು ಕಳ್ಸಿ. ಮುಗೀತು ಬುಡಿ." ಎಲ್ಲರೂ ಒಪ್ಪಿದರು.

ಹಸುಗಳು ಈದ ಮೇಲೆ ಹತ್ತೂ ಕರುಗಳಿಗೆ ಸೂಜಿ ಚುಚ್ಚಿದ. ತಿಂದವರ ಐದು ಕರುಗಳಿಗೂ ಜ್ವರ ಬಂತು. ಬಿಟ್ಟವರ ನಾಲ್ಕು ಕರು ತಣ್ಣಗಿದ್ದವು. ರಾಮಲಿಂಗಯ್ಯನದು ಮಾತ್ರ ಸುಡುತ್ತಿತ್ತು.

"ನಿಜ ಏಳಣ್ಣ."

"ಕರನೇ ಕುಡೀತು. ಮಿಕ್ಕಿದ್ದ ನಾನು ತಿಂದೆ."

"ಎಷ್ಟು ಮಿಕ್ಕಿತ್ತು?"

ರಾಮಲಿಂಗಯ್ಯ ಸೂರು ನೋಡಿದ. "ಕರ ಸಣ್ದಲ್ವಾ, ಜಾಸ್ತಿ ಕುಡೀನಿಲ್ಲ."

ಮರಿಸಿದ್ದಯ್ಯ ಆ ಕರುವನ್ನು ಲೆಕ್ಕದಿಂದ ಬಿಟ್ಟು, ಕಾರಣದ ಜಾಗದಲ್ಲಿ 'ಮಾಲೀಕನ ಹಸಿವು' ಎಂದು ಬರೆದ. ದೊಡ್ಡ ಸಾಹೇಬರು ಕೆಂಪು ಪೆನ್ಸಿಲಿನಲ್ಲಿ ಹೊಡೆದು 'ಮೇಲ್ವಿಚಾರಣೆಯ ತೊಡಕು' ಎಂದು ತಿದ್ದಿದರು.

1946ರಲ್ಲಿ ಲೇಖನ ಅಚ್ಚಾಯಿತು. ಒಂದೂವರೆ ಪುಟ. ಮದ್ದು ಕಂಡ ಹಸುವಿನ ಕರುವಿಗೆ ಎಳೆಯದರಲ್ಲೇ ಸೂಜಿ ಹಾಕುವುದು ದಂಡ, ಕೆಲವು ತಿಂಗಳು ಕಾಯಬೇಕು ಎಂಬುದು ಅದರ ಸಾರ. ಅವನು ಪ್ರತಿಯನ್ನು ಹಿಡಿದು ಊರಿಗೆ ಬಂದ. ಸೋಮಮ್ಮ ಇಂಗ್ಲಿಷಿನ ಹಾಳೆಯ ಮೇಲೆ ಬೆರಳಾಡಿಸಿದಳು.

"ಇದ್ರಲ್ಲಿ ನಾನೆಲ್ಲಿವ್ನಿ?"

"ಇಗೋ, ಏಳನೇ ನಂಬರು. ನಿಮ್ ಅಸ."

"ನಮ್ ಕೆಂಪೀಗೆ ನಂಬರಾ? ಅದೇನ್ ಜೈಲಲ್ಲೈತಾ?"

ಮರಿಸಿದ್ದಯ್ಯ ಪೆನ್ನು ತೆಗೆದು ಏಳರ ಪಕ್ಕ 'ಕೆಂಪಿ' ಎಂದು ಬರೆದ. ಸುದ್ದಿ ಕೇಳಿ ಉಳಿದವರೂ ಬಂದರು. ಹೊತ್ತು ಮುಳುಗುವುದರೊಳಗೆ ಗೌರ, ಚುಕ್ಕಿ, ಕಪಿಲೆ, ತುಂಟಿ ಎಲ್ಲವೂ ಪಟ್ಟಿಯ ಅಂಚಿನಲ್ಲಿ ಸಾಲಾಗಿ ನಿಂತವು. ಅದು ಪ್ರಯೋಗಾಲಯದ ಪುಸ್ತಕದ ಬೀರುವಿಗೆ ಸೇರಬೇಕಾದ ಪ್ರತಿ. ಸೋಮವಾರ ಹಾಗೆಯೇ ಒಯ್ದು, ಒಳಗಿಟ್ಟು, ಬೀಗ ಹಾಕಿದ.