ಎಡತೊಡೆಯ ಗುಂಡು

ಸೋಮವಾರ, ಬೆಳಿಗ್ಗೆ ಆರು ಗಂಟೆ. ಹೊರ್ತಿಯ ಬಸ್ ನಿಲ್ದಾಣದಲ್ಲಿ ನಾನು, ನನ್ನ ಹೆಂಡತಿ, ಏಳು ವರ್ಷದ ಮೊಮ್ಮಗಳು. ಸೊಸೆ ಹೆರಿಗೆಗೆಂದು ನಿಡಗುಂದಿಯ ತವರಿನಲ್ಲಿದ್ದಳು. ಮಗನೂ ಅಲ್ಲೇ ಇದ್ದ. ಸೊಲ್ಲಾಪುರದ ಬಸ್ಸು ಸರಿಯಾದ ಹೊತ್ತಿಗೆ ಬಂತು.

ಹುಡುಗಿ ಕುಂಟತೊಡಗಿ ತಿಂಗಳುಗಳಾಗಿದ್ದವು. ನೋವು ಎಡ ಮೊಣಕಾಲಿನಲ್ಲಿ ಎನ್ನುತ್ತಿದ್ದಳು. ಇಂಡಿ ಪಟ್ಟಣದ ಡಾಕ್ಟರು ಮಾತ್ರ, ಸೊಂಟದ ಕೀಲು ಕೆಟ್ಟರೂ ನೋವು ಮೊಣಕಾಲಿಗೆ ಬರುತ್ತದೆ ಎಂದು, ಆ ಕೀಲನ್ನು ತಿರುಗಿಸಿ ನೋಡಿ ಎಕ್ಸ್‌ರೇ ತೆಗೆಸಿದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ತೊಡೆಯ ಮೂಳೆಯ ಮೇಲ್ತುದಿಯಲ್ಲಿ ಚೆಂಡಿನಂತಿರುವ ಗುಂಡಿನೊಳಕ್ಕೆ ರಕ್ತ ಹೋಗುತ್ತಿದೆಯೋ ಇಲ್ಲವೋ ತಿಳಿಯಲು ಮೂಳೆಯ ಸ್ಕ್ಯಾನ್ ಆಗಬೇಕು, ಹೋಗದಿದ್ದರೆ ಗುಂಡು ಸತ್ತು ಕುಸಿಯುತ್ತದೆ ಎಂದರು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕೈಗೆ ಔಷಧಿ ಚುಚ್ಚಿದರು. ಅದು ರಕ್ತದ ಜೊತೆ ಮೂಳೆಗೆ ಇಳಿಯುವವರೆಗೆ ನೀರು ಕುಡಿಸುತ್ತ ಕಾಯಬೇಕಿತ್ತು.

"ಅಜ್ಜಾ, ನಾ ಏನ್ ಎಮ್ಮೀನ? ಎಷ್ಟ ಕುಡಸ್ತೀ?"

"ಎಮ್ಮಿ ಹಿಂಗ ವಟವಟ ಅನ್ನಂಗಿಲ್ಲ. ಕುಡಿ."

ಮಧ್ಯಾಹ್ನ ಯಂತ್ರದ ಕೆಳಗೆ ಮಲಗಿಸಿದರು. ಪರದೆಯ ಮೇಲೆ ಮೂಳೆಗಳು ಚುಕ್ಕೆ ಚುಕ್ಕೆಯಾಗಿ ಕಪ್ಪಗೆ ಮೂಡಿದವು. ಬಲಗಡೆಯ ಗುಂಡು ಮೂಡಿತು. ಎಡಗಡೆ ಬೆಳ್ಳಗೆ ಖಾಲಿ. ಯಂತ್ರ ನಡೆಸುವ ಹೆಣ್ಣುಮಗಳು ಎದ್ದು ಹೋಗಿ ಹುಡುಗಿಯ ಸೊಂಟ ಮುಟ್ಟಿ ನೋಡಿದಳು.

"ಇಲ್ಲೇನ್ ಕಟ್ಟೀರಿ, ಆಯಿ?"

ಉಡದಾರಕ್ಕೆ, ಸರಿಯಾಗಿ ಎಡಗಡೆ, ತಾಮ್ರದ ದಪ್ಪ ತಾಯಿತ.

"ಲೋಹದ್ದು ಎಲ್ಲಾ ತಗೀರಿ ಅಂದಿದ್ನಲ್ರಿ?"

"ಬಳಿ, ಗೆಜ್ಜಿ ಎಲ್ಲಾ ತಗದೇನವ್ವಾ," ಎಂದಳು ನನ್ನ ಹೆಂಡತಿ. "ಇದು ದೇವರದು. ಡಾಕ್ಟರು ತೋರಿಸಿದಲ್ಲೇ ಕಟ್ಟೇನಿ. ಹ್ಯಾಂಗ ತಗೀಲಿ?"

"ದೇವರದಾದ್ರೂ ತಾಮ್ರ ತಾಮ್ರನ ರೀ. ಅದು ಅಡ್ಡ ಬಂದ್ರೂ ಹಿಂಗ ಖಾಲಿ ಕಾಣ್ತೈತಿ. ಬಿಚ್ರಿ, ಮತ್ತೊಮ್ಮಿ ತಗೀತೇನಿ."

ಹೆಂಡತಿಯ ಮುಖ ಅರಳಿತು. ತನ್ನ ತಪ್ಪಿಗೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಂಟು ಬಿಗಿಯಾಗಿತ್ತು, ನಾನೇ ಬಿಚ್ಚಿದೆ. ಆ ಖಾಲಿ ತಾಮ್ರದ್ದೇ ಆಗಿರಲಿ ಎಂದುಕೊಂಡು ಇಬ್ಬರೂ ಪರದೆಯ ಮುಂದೆ ನಿಂತೆವು.

ಮತ್ತೆ ಚುಕ್ಕೆಗಳು ಸೇರತೊಡಗಿದವು. ಬಲಗಡೆ ತುಂಬಿತು. ಎಡಗಡೆ ಒಂದು ಚುಕ್ಕೆಯೂ ಬೀಳಲಿಲ್ಲ. ಆ ಹೆಣ್ಣುಮಗಳು ನಮ್ಮತ್ತ ತಿರುಗದೆ, "ಡಾಕ್ಟರ್ ಹೇಳ್ತಾರ್ರಿ," ಎಂದಳು.

ಡಾಕ್ಟರು ಚುಟುಕಾಗಿ ಹೇಳಿದರು: "ರಕ್ತ ಹೋಗಿಲ್ರಿ. ಹೊಸಾ ಮೂಳಿ ತುಂಬಾಕ ವರ್ಷಗಟ್ಟಲೆ ಹಿಡೀತೈತಿ. ಅಲ್ಲೀತನಕ ಆ ಕಾಲಿನ ಮ್ಯಾಲ ಭಾರ ಬೀಳಬಾರದು. ಇವತ್ತಿನಿಂದನ."

ಸಂಜೆ ಹೊರ್ತಿಯಲ್ಲಿ ಇಳಿದಾಗ ಅವಳನ್ನು ಎತ್ತಿಕೊಂಡೆ.

"ಇಳಸು ಅಜ್ಜಾ, ನಾ ನಡೀತೇನಿ. ಗೆಳತ್ಯಾರು ನಗತಾರ."

"ನಗಲಿ."

ಮನೆಯಲ್ಲಿ ಅವಳನ್ನು ಮಲಗಿಸಿ, ಅವಳ ಚಪ್ಪಲಿಗಳ ಧೂಳು ಒರೆಸಿ, ಕೈಗೆಟುಕದಂತೆ ಅಟ್ಟದ ಮೇಲಿಟ್ಟೆ.